ಸೊನ್ನೆ ಕೇಳಿ ಬರೆದ ಅರ್ಜಿ

ಮಾನ್ಯರೇ,
ಹೀಗೇ ಶುರು ಮಾಡಬೇಕಂತೆ. ಮಾಡಿದ್ದೇನೆ.
ಬ್ಯಾಡಗಿ, ಮೋಟೆಬೆನ್ನೂರು ರಸ್ತೆ, ತಗಡಿನ ಶೆಡ್ಡು,
ಅದರೊಳಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ
ನಲವತ್ತಮೂರು ಹೆಂಗಸರು ನಾವು.
ಬರೆಯಲು ಬರುವುದು ನನಗೊಬ್ಬಳಿಗೇ,
ಅದೂ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾದವಳಿಗೆ.
ಲೆಕ್ಕ ತಪ್ಪಿದ್ದರೆ ನನ್ನದು,
ತೂಕ ತಪ್ಪಿದ್ದರೆ ಅವರದು.

ಶೆಡ್ಡಿನ ತಕ್ಕಡಿ ಕರೆಂಟಿನದು.
ಬುಟ್ಟಿ ಇಡುವ ಮೊದಲು ಅದರಲ್ಲಿ ಸೊನ್ನೆ ಇರಬೇಕು.
ಇಲ್ಲ. ಒಂದು ಸಣ್ಣ ಅಡ್ಡಗೆರೆಯ ಹಿಂದೆ
ಇನ್ನೂರೈವತ್ತು ಗ್ರಾಂ ಅಡಗಿ ಕೂತಿರುತ್ತದೆ.
ಅದನ್ನು ಮೊದಲು ಕಂಡವಳು ಮಾಬುಬಿ.
ಅಂಕಿ ಓದಲು ಬಾರದವಳು.
"ಇದೇನ ಕಡ್ಡಿ ಬಿದ್ದೇತಿ ಮುಂದ?" ಅಂತ
ಸೆರಗಿನಿಂದ ಒರೆಸಿದಳು.
ಹೋಗಲಿಲ್ಲ.

ಬುಟ್ಟಿಯ ತೂಕ ಅದು, ಎಂದ ಗುಮಾಸ್ತ.
ಬುಟ್ಟಿಯ ತೂಕವನ್ನು ಆಮೇಲೆ ಬೇರೆ ಕಳೆಯುತ್ತಾನೆ.
ಕಿಲೋಕ್ಕೆ ಇಪ್ಪತ್ತು ರೂಪಾಯಿ ಕೂಲಿ,
ದಿನಕ್ಕೆ ಮೂರು ಸಲ ತೂಕ,
ಐದೈದರಂತೆ ಹದಿನೈದು.
ಅದನ್ನು ನಲವತ್ತಮೂರರಿಂದ, ಆಮೇಲೆ ಸುಗ್ಗಿಯ ತಿಂಗಳುಗಳಿಂದ
ಗುಣಿಸಲು ಹೋದರೆ ನನ್ನ ಕೈ ನಡುಗುತ್ತದೆ.
ನಿಮ್ಮಲ್ಲಿ ಯಂತ್ರವಿದೆ. ನೀವೇ ಗುಣಿಸಿರಿ.

ಹೊನ್ನವ್ವ ಅಂಗಡಿಯಿಂದ ಕಿಲೋ ಉಪ್ಪು ತಂದು
ಎಲ್ಲರೆದುರು ಆ ತಕ್ಕಡಿಯ ಮೇಲಿಟ್ಟಳು.
ಏಳುನೂರೈವತ್ತು.
"ಉಪ್ಪಿನಾಂವ ಕಳ್ಳ ಅದಾನ" ಎಂದ ಗುಮಾಸ್ತ.
ಒಂದು ಗಳಿಗೆ ನಾವೂ ನಂಬಿದೆವು,
ಸುಳ್ಳು ಯಾಕೆ ಹೇಳಲಿ?
ಐದು ರೂಪಾಯಿಯ ಬಿಸ್ಕೀಟಿನ ಪುಡಿಕೆಯಲ್ಲಿ
ವರ್ಷಕ್ಕೊಂದು ಬಿಸ್ಕೀಟು ಮಾಯವಾದದ್ದನ್ನು
ನಮ್ಮ ಮಕ್ಕಳು ಎಣಿಸಿ ಹೇಳಿದ್ದಾರೆ.

ಊರಲ್ಲಿ ಯಾರ ಲಾಭವೂ ಇಲ್ಲದ ತಕ್ಕಡಿ ಎಲ್ಲಿದೆ?
ರಾತ್ರಿಯೆಲ್ಲ ಯೋಚಿಸಿ
ಬೆಳಿಗ್ಗೆ ಉಪ್ಪನ್ನು ಸೆರಗಲ್ಲಿ ಸುತ್ತಿ
ಸರ್ಕಾರಿ ದವಾಖಾನೆಗೆ ಹೋದೆವು.
ಸಿಸ್ಟರ್ ಎಸ್ತರಮ್ಮ ಕೂಸು ತೂಗುವ ತಟ್ಟೆ ಒರೆಸಿ,
ಹಸಿರು ಬಟ್ಟೆ ಹಾಸಿ, ಉಪ್ಪನ್ನು ಮಲಗಿಸಿದರು.
"ಸರಿಯಾಗಿ ಒಂದು ಕಿಲೋ.
ಕೂಸಾಗಿದ್ರ ಈಗಿಂದೀಗ ಹಾವೇರಿಗೆ ಒಯ್ಯಿರಿ ಅಂತಿದ್ದೆ."

ಒಯ್ದೆವು.
ಅದೇ ನಮ್ಮ ಮೊದಲ ಅರ್ಜಿ.

ದೇವಗಿರಿಯ ಕಚೇರಿಯಲ್ಲಿ ಠಸ್ಸೆ ಬಿತ್ತು.
ಎರಡು ತಿಂಗಳಿಗೆ ಸಾಹೇಬರು ಜೀಪಿನಲ್ಲಿ ಬಂದರು.
ಅವರಿಗಿಂತ ಮೊದಲು ಅವರ ಸುದ್ದಿ ಬಂದಿತ್ತು.
ಅವತ್ತು ತಕ್ಕಡಿಯಲ್ಲಿ ಸೊನ್ನೆ
ಹೊಸ ಮದುಮಗಳ ಕುಂಕುಮದಂತೆ ದುಂಡಗೆ, ನಾಚಿಕೊಂಡು.
ಸಾಹೇಬರು ಚಹಾ ಕುಡಿದರು, ಸೀನಿದರು, ಹೋದರು.
ಜೀಪಿನ ಧೂಳು ಕೂರುವ ಮೊದಲೇ
ಅಡ್ಡಗೆರೆ ತನ್ನ ಜಾಗಕ್ಕೆ ಬಂದು ಕೂತಿತು.

ಎರಡನೆಯ ಅರ್ಜಿ ಕೂಲಿಯದು.
ಸರ್ಕಾರ ಕೂಲಿ ಹೆಚ್ಚಿಸಿದೆಯೆಂದು ಪೇಪರಿನಲ್ಲಿತ್ತು,
ನಾನೇ ಓದಿದ್ದು, ರೊಟ್ಟಿ ಸುತ್ತಿದ್ದ ಪೇಪರು,
ಎಣ್ಣೆ ಹತ್ತಿದ ಕಡೆ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತಿತ್ತು.
ಅದು ದಿನಗೂಲಿಯವರಿಗೆ, ನಿಮ್ಮದು ಕಿಲೋ ಲೆಕ್ಕ, ಅಂದರು.
ಹಾಗಾಗಿ ಆ ಆದೇಶ ನಮ್ಮ ಶೆಡ್ಡಿನ ಹೊಸ್ತಿಲಲ್ಲಿ
ಚಪ್ಪಲಿ ಬಿಟ್ಟು
ಇನ್ನೂ ಹೊರಗೇ ನಿಂತಿದೆ.
"ಒಳಗ ಬಾ ಅನ್ನವರು ಯಾರು?" ಅಂತಾಳೆ ಹೊನ್ನವ್ವ.

ಇದು ಮೂರನೆಯದು.
ಇದರಲ್ಲಿ ಹೆಚ್ಚೇನೂ ಕೇಳಿಲ್ಲ.
ಸೊನ್ನೆ ಕೇಳಿದ್ದೇವೆ.
ಸಾಲಮನ್ನಾ ಅಲ್ಲ, ಸೀರೆ ಅಲ್ಲ,
ಏನೂ ಇಡದ ತಟ್ಟೆಯ ಮೇಲೆ
ಏನೂ ಇಲ್ಲ ಎಂದು ತೋರಿಸುವ ಒಂದು ಸೊನ್ನೆ.
ಇದಕ್ಕೆ ಬಜೆಟ್ಟಿನಲ್ಲಿ ಹಣ ಎತ್ತಿಡಬೇಕಾಗಿಲ್ಲ.

ಇಂಕಿನ ಪ್ಯಾಡು ಒಣಗಿತ್ತು.
ಹೆಬ್ಬೆಟ್ಟುಗಳು ಹಾಗೇ ಒತ್ತಿದರೂ ಕೆಂಪಗೆ ಮೂಡಿವೆ,
ಗೆರೆ ಮಾತ್ರ ಸವೆದಿವೆ, ಕ್ಷಮಿಸಬೇಕು.
ಇನ್ನೊಂದು ಮಾತು, ನಿಮ್ಮ ಒಳ್ಳೆಯದಕ್ಕೇ:
ಈ ಹಾಳೆ ಮುಟ್ಟಿದ ಕೈಯಿಂದ
ಕಣ್ಣು ಒರೆಸಿಕೊಳ್ಳಬೇಡಿರಿ.

ಎಣಿಸಿದರೆ ನಲವತ್ತೆರಡೇ ಸಿಗುತ್ತವೆ.
ಕರಿಯವ್ವ ಒತ್ತಲಿಲ್ಲ.
ಮಗಳ ಬಾಣಂತನಕ್ಕೆ ಮಾಲಕರ ಮುಂಗಡ ತಂದಿದ್ದಾಳೆ.
ಆದರೆ ಈ ಹಾಳೆ, ಈ ಲಕೋಟೆ,
ಇದರ ಮೇಲಿನ ಅಂಚೆಚೀಟಿ ಅವಳ ದುಡ್ಡಿನದು.
ಅವಳನ್ನೂ ಹಿಡಿದು
ನಲವತ್ತಮೂರು ಅಂತ ಬರೆದುಕೊಳ್ಳಿರಿ.